ಕ್ರೋಸಾಂಟ್ ತಗೋಬೇಕಾ, ಪಫ್ ತಗೋಬೇಕಾ?

ಯಾರೂ ಜಾಸ್ತಿ ಹೇಳದ ಪುಟ್ಟ ಬೇಕರಿಯೊಂದು ಸಿಕ್ಕಿದೆ, ಒಳಗೆಲ್ಲ ಬೆಣ್ಣೆಯ ಘಮ. ಮೊದಲ ಸಲ ಏನು ಕೊಳ್ಳುವುದು? ನಾನಾದರೆ ಕ್ರೋಸಾಂಟ್, ಅಂದರೆ ಅರ್ಧಚಂದ್ರದಂಥ ಫ್ರೆಂಚ್ ತಿನಿಸು, ಎನ್ನುತ್ತೇನೆ.

ಎರಡೂ ಹಿಟ್ಟು, ಬೆಣ್ಣೆಯ ಪದರಗಳೇ. ಆದರೆ ಕ್ರೋಸಾಂಟ್ ಹಿಟ್ಟಿಗೆ ಯೀಸ್ಟ್ ಬೀಳುತ್ತದೆ. ಮೂರು ಮಡಿಕೆಯಾಗಿ 3 ಸಲ ಮಡಿಸಿದರೆ ಬೆಣ್ಣೆಯ 27 ಪದರ. ಹೊರಗೆ ಗರಿಗರಿ, ಒಳಗೆ ಜೇನುಗೂಡಿನಂತೆ ತೂತುತೂತು, ಮೆತ್ತಗೆ.

ಪಫ್‌ಗೆ ಯೀಸ್ಟ್ ಇಲ್ಲ, ಆವಿಯೇ ಉಬ್ಬಿಸುತ್ತದೆ. ಹಾಗೇ 6 ಸಲ ಮಡಿಸಿದರೆ 729 ಪದರ! ಪೂರ್ತಿ ಗರಿಗರಿ ಬೇಕೆಂದರೆ ಇದೇ ಸರಿ. ಖಾರದ ಹೂರಣಕ್ಕೂ ಚೆನ್ನಾಗಿ ಒಗ್ಗುತ್ತದೆ.

ಬೇಕರಿಯ ಕೈಗುಣ ತಿಳಿಯಬೇಕು ಅಲ್ವಾ? ಅದಕ್ಕೇ ಕ್ರೋಸಾಂಟ್. ಬೆಣ್ಣೆ ಬಾಯಿಯ ಬಿಸಿಗೇ ಕರಗುತ್ತದೆ. ಅಂಗುಳಕ್ಕೆ ಜಿಡ್ಡು ಅಂಟಿದರೆ ಬೇರೆ ಕೊಬ್ಬು ಹಾಕಿರಬಹುದು. ಮರೆಮಾಡಲು ಹೂರಣವೂ ಇರುವುದಿಲ್ಲ. ಬೆಳಿಗ್ಗೆಯೇ ಹೋಗಿ, ಸಂಜೆಗೆ ಆ ಗರಿ ಉಳಿಯುವುದಿಲ್ಲ.