ಪುಕ್ಕಟೆ ಸಿಗೋ ಕೋಡಿಗೆ 30 ಸಾವಿರ ಕೊಟ್ಟೆ, ಅದರಲ್ಲೂ ಹಿಂಬಾಗಿಲು ಇತ್ತು

ಬರೆಯೋಕೇ ನಾಚಿಕೆ ಆಗುತ್ತಿದೆ. ಹತ್ತು ವರ್ಷದಿಂದ ಮೈಸೂರಲ್ಲಿ ವೆಬ್‌ಸೈಟ್ ಮಾಡಿಕೊಂಡು ಬದುಕುತ್ತಿರುವವನು ನಾನು. ಆದರೂ ಟೋಪಿ ಹಾಕಿಸಿಕೊಂಡೆ. ಮೈಸೂರು, ಮಂಡ್ಯ ಕಡೆ ಬ್ಲಾಕ್‌ಚೈನ್ ಕೆಲಸ ಹಿಡಿಯುತ್ತಿರುವ ಹುಡುಗರು ದಯವಿಟ್ಟು ಪೂರ್ತಿ ಓದಿ.

ಹೊರದೇಶದ ಒಬ್ಬ ಕ್ಲೈಂಟಿಗೆ ಎಸ್ಕ್ರೋ ಕಾಂಟ್ರ್ಯಾಕ್ಟ್ ಬೇಕಿತ್ತು, ಅಂದರೆ ಬ್ಲಾಕ್‌ಚೈನ್ ಮೇಲೆ ಓಡುತ್ತಾ ಮಧ್ಯೆ ದುಡ್ಡು ಹಿಡಿದಿಡುವ ಪ್ರೋಗ್ರಾಂ. ಕೆಲಸ ಕೊಡುವವನು ದುಡ್ಡು ಒಳಗೆ ಇಡುತ್ತಾನೆ, ಕೆಲಸ ಮುಗಿದ ಮೇಲೆ ಮಾಡಿದವನು ತೆಗೆದುಕೊಳ್ಳುತ್ತಾನೆ. ಜಗಳ ಬಂದರೆ ಕಾಂಟ್ರ್ಯಾಕ್ಟಿನ ಓನರ್ ತೀರ್ಮಾನ ಮಾಡುತ್ತಾನೆ. ಅದನ್ನು ಬರೆಯುವ ಭಾಷೆ ಸಾಲಿಡಿಟಿ, ನನಗೆ ಅದು ಅಷ್ಟಕ್ಕಷ್ಟೇ. ಸ್ನೇಹಿತನೊಬ್ಬ ಮಂಡ್ಯದ ಒಬ್ಬರ ನಂಬರ್ ಕೊಟ್ಟ. 'ಸೆಕ್ಯೂರ್ ಕಾಂಟ್ರ್ಯಾಕ್ಟ್ ಕಿಟ್' ಮಾರುತ್ತಾರೆ, ಎಲ್ಲ ರೆಡಿ ಇರುತ್ತೆ, ಜೋಡಿಸಿಕೊಂಡರೆ ಆಯಿತು ಅಂದ. ನಾನೂ ಮಂಡ್ಯದವನೇ. ನಮ್ಮೂರಿನವರಲ್ವಾ ಅಂತ ಹಿಂದೆ ಮುಂದೆ ನೋಡಲಿಲ್ಲ.

ಕುವೆಂಪುನಗರದ ಹೋಟೆಲೊಂದರಲ್ಲಿ ಕೂತೆವು. ಲ್ಯಾಪ್‌ಟಾಪ್ ತೆಗೆದು ಫೋಲ್ಡರ್ ತೋರಿಸಿದರು. ಓನರ್ ಕಾವಲಿಗೆ ಒಂದು ಫೈಲ್, ಲೆಕ್ಕ ತಪ್ಪದಂತೆ ಒಂದು, ಬೀಗಕ್ಕೆ ಒಂದು. "ಅಣ್ಣ, ಇದೆಲ್ಲ ಆಡಿಟ್ ಆಗಿರೋ ಕೋಡು. ಕಣ್ಣ್ ಮುಚ್ಕೊಂಡು ಹಾಕಿ" ಅಂದರು. ಆಡಿಟ್ ಅಂದರೆ ಕೋಡಲ್ಲಿ ತೂತಿದೆಯಾ ಅಂತ ಪರಿಣತರು ಮಾಡುವ ತಪಾಸಣೆ. ಒಂದು ಪಿಡಿಎಫ್ ಕೂಡ ತೋರಿಸಿದರು. 42 ಸಾವಿರಕ್ಕೆ ಮಾತಾಯಿತು. 30 ಸಾವಿರ ಅಲ್ಲೇ ಯುಪಿಐ ಮಾಡಿದೆ. ಕಾಫಿ ಬಿಲ್ಲೂ ನಾನೇ ಕೊಟ್ಟೆ. ಆಮೇಲೆ ಅವರು ಹೇಳಿದ ಹಾಗೆ ಕಣ್ಣು ಮುಚ್ಚಿಕೊಂಡೇ ಹಾಕಿದೆ.

ಪುಣ್ಯಕ್ಕೆ ಹಾಕಿದ್ದು ಸೆಪೋಲಿಯಾ ಟೆಸ್ಟ್‌ನೆಟ್‌ಗೆ, ಪ್ರಯೋಗಕ್ಕೆ ಅಂತಲೇ ಇರುವ ಬ್ಲಾಕ್‌ಚೈನ್‌ಗೆ. ನಿಜವಾದ ದುಡ್ಡು ಇರಲಿಲ್ಲ. ಲಿಂಕ್ ಕಳಿಸಿ ಅರ್ಧ ಗಂಟೆ ಆಗಿರಲಿಲ್ಲ, ಕ್ಲೈಂಟ್ ಕಡೆಯ ಹುಡುಗನಿಂದ ಒಂದೇ ಸಾಲಿನ ಮೆಸೇಜ್: ಈ ವಿಳಾಸ ಯಾರದು?

ಯಾವ ವಿಳಾಸ? ಫೈಲ್ ತೆಗೆದೆ. ಓನರ್ ಮಾತ್ರ ಮಾಡಬೇಕಾದ ಕೆಲಸಕ್ಕೆ ಕಾವಲು ಕಾಯುವ ಸಾಲು ಒಂದಿರುತ್ತೆ. ಅದು ಕೇಳುವುದು ಒಂದೇ ಪ್ರಶ್ನೆ: ಕರೆದವನು ಓನರ್ ಹೌದಾ? ನೋಡಿದೆ, ಸರಿ ಇತ್ತು. ಮತ್ತೆ ನೋಡಿದೆ. ಆಗ ಕಂಡಿದ್ದು, ಕೆಳಗೆ ಸ್ಕ್ರೋಲ್ ಬಾರ್ ಬಲಕ್ಕೆ ಉದ್ದಕ್ಕೆ ಹೋಗುತ್ತಿತ್ತು. ಎಳೆದೆ. ಖಾಲಿ, ಖಾಲಿ, ಖಾಲಿ. ಕೊನೆಯಲ್ಲಿ 'ಅಥವಾ' ಅನ್ನುವ ಎರಡು ನೆಟ್ಟಗಿನ ಗೀಟು, ಪಕ್ಕದಲ್ಲಿ ಒಂದು ವಾಲೆಟ್ ವಿಳಾಸ, ಬ್ಯಾಂಕ್ ಖಾತೆ ನಂಬರ್ ಇದ್ದ ಹಾಗೆ. ನನ್ನದಲ್ಲ, ಕ್ಲೈಂಟಿನದೂ ಅಲ್ಲ. ಆ ವಾಲೆಟ್ ಇರುವವನು ಯಾವತ್ತು ಬೇಕಾದರೂ ಓನರ್ ಥರ ಒಳಗೆ ಬಂದು, ಇಟ್ಟ ದುಡ್ಡನ್ನೆಲ್ಲ ತನ್ನ ಕಡೆಗೆ ತೀರ್ಮಾನ ಮಾಡಿಕೊಳ್ಳಬಹುದಿತ್ತು. ಕೈ ತಣ್ಣಗಾಯಿತು.

ಆಮೇಲೆ ಅದರಲ್ಲಿದ್ದ ಎರರ್ ಸಾಲನ್ನು ಹುಡುಕಿದೆ. 'ಓನಬಲ್: ಕಾಲರ್ ಈಸ್ ನಾಟ್ ದ ಓನರ್', ಅಂದರೆ ಕರೆದವನು ಓನರ್ ಅಲ್ಲ. ಇದು ಓಪನ್‌ಝೆಪ್ಪೆಲಿನ್ ಅನ್ನುವ ಸಿದ್ಧ ಕೋಡಿನ ಲೈಬ್ರರಿಯ 4ರ ಸರಣಿಯ ಕೋಡು! ಪುಕ್ಕಟೆ. ಯಾರು ಬೇಕಾದರೂ ಬಳಸಬಹುದಾದ ಎಂಐಟಿ ಲೈಸೆನ್ಸ್. ಕೋಡ್ ಪ್ಯಾಕೇಜ್ ಇಳಿಸಿಕೊಳ್ಳುವ ಎನ್‌ಪಿಎಂನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಬರುತ್ತೆ. ಆ ಲೈಸೆನ್ಸಲ್ಲಿ ಮಾರುವುದೂ ತಪ್ಪಲ್ಲ, ಆದರೆ ಮೂಲದವರ ಕಾಪಿರೈಟ್ ಮಾತನ್ನು ಉಳಿಸಿಕೊಳ್ಳಬೇಕು. ಇವರು ಅದನ್ನು ಅಳಿಸಿ ತಮ್ಮ ಹೆಸರು ಹಾಕಿಕೊಂಡಿದ್ದರು. ಆಡಿಟ್ ಆಗಿದ್ದೂ ಮೂಲ ಕೋಡಿಗೆ. ಇವರು ತಿದ್ದಿದ್ದಕ್ಕೆ ಯಾವ ಆಡಿಟ್ಟು?

ಇನ್ನೂ ಇದೆ. ಒಂದು ಕರೆ ಮುಗಿಯುವ ಮೊದಲೇ ಮತ್ತೆ ಒಳಗೆ ನುಗ್ಗದಂತೆ ತಡೆಯುವ ಬೀಗ, ರೀಎಂಟ್ರೆನ್ಸಿ ಗಾರ್ಡ್ ಫೈಲ್ ಇತ್ತು, ಇಂಪೋರ್ಟೂ ಆಗಿತ್ತು. ಆದರೆ ದುಡ್ಡು ತೆಗೆಯುವ ಫಂಕ್ಷನ್ ಮೇಲೆ ಆ ಬೀಗ ಹಾಕುವ 'ನಾನ್‌ರೀಎಂಟ್ರೆಂಟ್' ಅನ್ನುವ ಪದವೇ ಇಲ್ಲ! ಬೀಗ ತಂದು ಷೋಕೇಸಲ್ಲಿ ಇಟ್ಟ ಹಾಗೆ. ಸಾಲದ್ದಕ್ಕೆ ಮೊದಲು ದುಡ್ಡು ಕಳಿಸಿ, ಆಮೇಲೆ ಬ್ಯಾಲೆನ್ಸ್ ಸೊನ್ನೆ ಮಾಡುತ್ತಿತ್ತು. ಸೊಸೈಟಿಯಲ್ಲಿ ಕಾರ್ಡಿಗೆ ಗುರುತು ಹಾಕುವ ಮೊದಲೇ ಅಕ್ಕಿ ಅಳೆದಂತೆ. ಚೀಲ ಕೆಳಗಿಟ್ಟು ಮತ್ತೆ ಕೈ ಚಾಚಿದರೆ ಮತ್ತೆ ಅಕ್ಕಿ. 2016ರಲ್ಲಿ ಈಥೀರಿಯಂ ಬ್ಲಾಕ್‌ಚೈನ್ ಮೇಲಿದ್ದ ಹೂಡಿಕೆ ನಿಧಿ 'ದ ಡಾವೊ'ದಿಂದ ಸುಮಾರು 36 ಲಕ್ಷ ಈಥರ್ (ಅಲ್ಲಿನ ಕ್ರಿಪ್ಟೋ ಹಣ) ಹೋಗಿದ್ದು ಇಂಥದ್ದೇ ತೂತಿನಿಂದ. ಇನ್ನು ಅವರು ಜಂಬದಿಂದ ತೋರಿಸಿದ್ದ ಲೆಕ್ಕದ ಫೈಲು ಹಳೇ ಸೇಫ್‌ಮ್ಯಾಥ್, ಸಂಖ್ಯೆ ಮಿತಿ ಮೀರಿದರೆ ತಡೆಯುವ ಕೋಡು. 2020ರ ಡಿಸೆಂಬರಲ್ಲಿ ಬಂದ ಸಾಲಿಡಿಟಿ 0.8ರಿಂದ ಆ ಕೆಲಸವನ್ನು ಭಾಷೆಯೇ ಮಾಡುತ್ತೆ. 2023ರ 5.0 ಆವೃತ್ತಿಯಲ್ಲಿ ಲೈಬ್ರರಿಯವರೇ ಅದನ್ನು ಕಿತ್ತು ಹಾಕಿದರು. ಅದಕ್ಕೂ ದುಡ್ಡು ಕೊಟ್ಟಿದ್ದೇನೆ ನಾನು!

ಕಿಟ್ ಮಾರಿದವರಿಗೆ ಫೋನ್ ಮಾಡಿದೆ. ಅವರ ಉತ್ತರ ಕೇಳಿ.

"ಅಯ್ಯೋ ಬುಡಿ ಅಣ್ಣ, ಅದು ಸಪೋರ್ಟ್‌ಗೆ. ನಾಳೆ ನಿಮಗೇನಾದ್ರು ತೊಂದ್ರೆ ಆದ್ರೆ ನಾವು ಒಳಗೆ ಬಂದು ಸರಿ ಮಾಡ್ಬೇಕಲ್ವಾ?"

ಸಪೋರ್ಟ್ ಅಂತೆ! ಮನೆ ಕಟ್ಟಿದ ಮೇಸ್ತ್ರಿ ಒಂದು ಕೀಲಿ ತನ್ನ ಹತ್ತಿರ ಇಟ್ಟುಕೊಂಡು, ನಲ್ಲಿ ಸೋರಿದರೆ ಬರೋಕೆ ಅಂದ ಹಾಗಾಯಿತು. ಹಾಗಿದ್ದರೆ ಬಲಕ್ಕೆ ಅಷ್ಟು ದೂರ ಯಾಕೆ ಬಚ್ಚಿಟ್ಟಿರಿ ಅಂದೆ. "ಅದು ಫಾರ್ಮ್ಯಾಟಿಂಗ್ ಪ್ರಾಬ್ಲಮ್ಮು." ಪುಕ್ಕಟೆ ಕೋಡಲ್ವಾ ಇದು ಅಂದೆ. "ಅಕ್ಕಿ ಬೇಳೆ ಎಲ್ಲರ ಮನೇಲೂ ಇರ್ತದೆ ಅಣ್ಣ, ಅಡುಗೆ ಮಾಡೋರು ಬೇಕಲ್ಲ." ಈ ಮಾತಿಗೆ ಒಂದು ಕ್ಷಣ ನನ್ನ ಬಾಯೇ ಕಟ್ಟಿತು. ವಿಷ ಬೆರೆಸಿದ ಅಡುಗೆ ಅಂತ ಹೊಳೆದಿದ್ದು ರಾತ್ರಿ ಮಲಗಿದ ಮೇಲೆ.

ವಾಪಸ್ ದುಡ್ಡು ಕೇಳಿದ ದಿನದಿಂದ 'ಅಣ್ಣ' ಹೋಗಿ 'ಸರ್' ಬಂತು. "ಸರ್, ಡಿಜಿಟಲ್ ಐಟಂಗೆ ರಿಫಂಡ್ ಇಲ್ಲ."

ಕ್ಲೈಂಟ್ ಹೋದ. ಬೈದಿದ್ದರೂ ಪರವಾಗಿರಲಿಲ್ಲ, ಥ್ಯಾಂಕ್ಸ್ ಹೇಳಿ ಹೋದ.

ಲೈಬ್ರರಿಯನ್ನು ನೀವೇ ಎನ್‌ಪಿಎಂನಿಂದ ಇಳಿಸಿಕೊಳ್ಳಿ, ಹೆಸರಿನ ಸ್ಪೆಲ್ಲಿಂಗ್ ನೋಡಿಕೊಂಡು. ಇಂಪೋರ್ಟ್ ಮಾಡಿ ಬಳಸಿ, ಫೈಲನ್ನು ತಿದ್ದಬೇಡಿ. ಯಾರಾದರೂ ಕಾಪಿ ಕೊಟ್ಟರೆ ಮೂಲದ ಜೊತೆ ಇಟ್ಟು ಡಿಫ್ (ಎರಡರ ನಡುವಿನ ವ್ಯತ್ಯಾಸ) ನೋಡಿ, ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ನಾನು ಕೊಡಲಿಲ್ಲ. ಮತ್ತೆ ದಯವಿಟ್ಟು ಬಲಕ್ಕೆ ಸ್ಕ್ರೋಲ್ ಮಾಡಿ.

ಬಾಕಿ 12 ಸಾವಿರಕ್ಕೆ ಈಗಲೂ ಫೋನ್ ಬರುತ್ತಿದೆ. ಮೊನ್ನೆ ಬೇರೆ ನಂಬರಿಂದ ಮಾಡಿದ್ದರು, ಮತ್ತೆ 'ಅಣ್ಣ' ಅಂದರು.