ಲಂಡನ್‌ಗೆ ವಾರದ ನಡುವೆ ಹೋಗಿ, ಒಂದು ಭಾನುವಾರ ಮಾತ್ರ ಉಳಿಸಿಕೊಳ್ಳಿ

ಲಂಡನ್ ನೋಡೋಕೆ ಯಾವ ತಿಂಗಳು ಒಳ್ಳೆಯದು ಅಂತ ತುಂಬಾ ಜನ ಕೇಳುತ್ತಾರೆ. ಯಾವ ವಾರ ಒಳ್ಳೆಯದು ಅಂತ ಯಾರೂ ಕೇಳುವುದಿಲ್ಲ. ಮಂಡಿ ನೋವಿರುವ ಅಮ್ಮನ ಜೊತೆ ಆ ಊರು ಸುತ್ತಿದ ಮೇಲೆ ನನಗೆ ತಿಂಗಳಿಗಿಂತ ವಾರವೇ ಮುಖ್ಯ ಅನ್ನಿಸಿದೆ. ಮಳೆ ಬಂದರೆ ಕೊಡೆ ಹಿಡಿಯಬಹುದು. ನೆಲದಡಿ ಓಡುವ ಟ್ಯೂಬ್ ರೈಲಿನಲ್ಲಿ ಸೀಟು ಸಿಗದೆ ಅಮ್ಮ ಕಂಬ ಹಿಡಿದು ನಿಲ್ಲಬೇಕಾಗಿ ಬಂದರೆ ಏನು ಮಾಡೋದು? ಅದಕ್ಕೇ ಈ ಬರಹದಲ್ಲಿ ಊರಿನ ಅಂದಚೆಂದ ಜಾಸ್ತಿ ಇಲ್ಲ. ಅಲ್ಲಿನ ರೈಲು, ಮ್ಯೂಸಿಯಂ, ಸಂತೆ, ಹೋಟೆಲು ಇವೆಲ್ಲ ವಾರದ ದಿನ ಹೇಗಿರುತ್ತವೆ, ಶನಿವಾರ ಭಾನುವಾರ ಹೇಗಿರುತ್ತವೆ ಅನ್ನುವುದು ಇದೆ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ವಾರದ ದಿನಗಳೇ ಮೇಲು. ಆದರೆ ಬೆಳಿಗ್ಗೆ ಒಂಬತ್ತೂವರೆ ತನಕ ರೂಮಿನಲ್ಲೇ ನಿಧಾನವಾಗಿ ತಿಂಡಿ ತಿನ್ನಿ.

ಒಂಬತ್ತೂವರೆಯ ಲೆಕ್ಕ ನಾನು ಸುಮ್ನೆ ಹೇಳುತ್ತಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 6.30ರಿಂದ 9.30 ಮತ್ತು ಸಂಜೆ 4ರಿಂದ 7 ಅಲ್ಲಿ ಪೀಕ್ ಹೊತ್ತು. ಟ್ಯೂಬ್ ದರ ಆಗ ಜಾಸ್ತಿ. ಉಳಿದ ಹೊತ್ತು ಮತ್ತು ಶನಿವಾರ ಭಾನುವಾರ ಪೂರ್ತಿ ಆಫ್‌ಪೀಕ್. ದುಡ್ಡಿನ ವ್ಯತ್ಯಾಸ ದೊಡ್ಡದೇನಲ್ಲ, ಜಾಗದ ವ್ಯತ್ಯಾಸ ದೊಡ್ಡದು. ಎಂಟೂವರೆಗೆ ಬಾಗಿಲ ತನಕ ಜನ ಒತ್ತಿಕೊಂಡು ನಿಂತಿದ್ದ ಅದೇ ಲೈನಿನಲ್ಲಿ, ಹತ್ತೂಕಾಲಿಗೆ ಅಮ್ಮ ಕಿಟಕಿ ಪಕ್ಕ ಕೂತು ಪರ್ಸ್ ತೆಗೆದು ಚಿಲ್ಲರೆ ಎಣಿಸುತ್ತಿದ್ದರು. ಆಫೀಸಿಗೆ ಹೋಗುವವರು ಹೋಗಿಯಾಗಿರುತ್ತಾರೆ, ಪ್ರವಾಸಿಗಳು ಆಗಷ್ಟೇ ಹೊರಡುತ್ತಿರುತ್ತಾರೆ. ಆ ನಡುವಿನ ಹೊತ್ತು ನಮ್ಮದು.

ಟಿಕೆಟ್ ವ್ಯವಸ್ಥೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಹಳದಿ ಬಣ್ಣದ ಗುಂಡು ರೀಡರ್‌ಗೆ ಬ್ಯಾಂಕ್ ಕಾರ್ಡ್ ಮುಟ್ಟಿಸಿದರೆ ಗೇಟು ತೆರೆಯುತ್ತದೆ. ಹೊರಗೆ ಬರುವಾಗ ಅದೇ ಕಾರ್ಡನ್ನು ಮತ್ತೆ ಮುಟ್ಟಿಸಬೇಕು. ಒಬ್ಬರಿಗೆ ಒಂದು ಕಾರ್ಡ್ ಬೇಕೇ ಬೇಕು, ಇಬ್ಬರು ಒಂದರಲ್ಲಿ ಹೋಗಲು ಬರುವುದಿಲ್ಲ. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಮುಟ್ಟಿಸಿದರೆ ಸಾಕು. ಬಸ್ಸಿಗೆ ಪೀಕ್, ಆಫ್‌ಪೀಕ್ ಅಂತ ಏನೂ ಇಲ್ಲ. ಒಂದು ಸಲ ಹತ್ತಿದ ಮೇಲೆ ಒಂದು ಗಂಟೆಯೊಳಗೆ ಬೇರೆ ಬಸ್ ಹತ್ತಿದರೆ ಮತ್ತೆ ದುಡ್ಡು ಕಡಿಯುವುದೂ ಇಲ್ಲ. ಇಷ್ಟಕ್ಕೆ ಮೇಲೆ ಹೋಗಬಾರದು ಅಂತ ದಿನಕ್ಕೊಂದು ಮಿತಿ, ವಾರಕ್ಕೊಂದು ಮಿತಿ ಇದೆ. ವಾರದ ಮಿತಿಯ ಲೆಕ್ಕ ಸೋಮವಾರದಿಂದ ಭಾನುವಾರಕ್ಕೆ. ಗುರುವಾರ ಬಂದು ಮುಂದಿನ ಬುಧವಾರ ಹೊರಡುವವರಿಗೆ ಅದು ಎರಡು ತುಂಡಾಗಿ ಹೋಗುತ್ತದೆ. ಸೋಮವಾರ ಬಂದಿಳಿದರೆ ಪೂರ್ತಿ ಲಾಭ. ವಾರದ ದಿನಗಳ ಪರವಾಗಿ ಇದೂ ಒಂದು ಮಾತು, ಅಲ್ವಾ? ಹೀಥ್ರೂ ವಿಮಾನ ನಿಲ್ದಾಣದಿಂದ ಊರ ನಡುವಿನ ಒಂದನೇ ಝೋನ್‌ಗೆ ಟ್ಯೂಬ್‌ನಲ್ಲಿ ಹೋದರೆ ಮಾತ್ರ 2022ರ ಸೆಪ್ಟೆಂಬರ್‌ನಿಂದ ಯಾವ ದಿನ, ಯಾವ ಹೊತ್ತಿಗೂ ಪೀಕ್ ದರವೇ. ಅಲ್ಲಿ ಸಮಯ ನೋಡಿಕೊಂಡು ಪ್ರಯೋಜನವಿಲ್ಲ.

ವೀಕೆಂಡಿನಲ್ಲಿ ರೈಲಿನ ಕಥೆ ಬೇರೆ. ಹಳಿ, ಸಿಗ್ನಲ್ ದುರಸ್ತಿಯ ದೊಡ್ಡ ಕೆಲಸಗಳನ್ನೆಲ್ಲ ಶನಿವಾರ ಭಾನುವಾರಕ್ಕೇ ಇಟ್ಟುಕೊಳ್ಳುತ್ತಾರೆ. ಒಂದಿಡೀ ಲೈನಿನ ಒಂದು ಭಾಗ ಮುಚ್ಚಿ, ಬದಲಿಗೆ ಬಸ್ ಬಿಡುವುದೂ ಉಂಟು. ಮೊದಲೇ ಪ್ರಕಟಿಸಿರುತ್ತಾರೆ, ಹಿಂದಿನ ರಾತ್ರಿ ಒಮ್ಮೆ ನೋಡಿಕೊಂಡರೆ ತೊಂದರೆಯಿಲ್ಲ. ವಾಟರ್‌ಲೂ ಆಂಡ್ ಸಿಟಿ ಲೈನ್ ಅಂತೂ ಶನಿವಾರ ಭಾನುವಾರ ಓಡುವುದೇ ಇಲ್ಲ. ಅದು ಆಫೀಸಿನವರ ರೈಲು. ವೀಕೆಂಡ್ ಗೆಲ್ಲುವುದು ರಾತ್ರಿಯಲ್ಲಿ. ಶುಕ್ರವಾರ, ಶನಿವಾರ ರಾತ್ರಿ ಸೆಂಟ್ರಲ್, ಜೂಬಿಲಿ, ನಾರ್ದರ್ನ್, ಪಿಕಡಿಲಿ, ವಿಕ್ಟೋರಿಯಾ ಈ ಐದು ಲೈನ್‌ಗಳಲ್ಲಿ ರಾತ್ರಿಯಿಡೀ ರೈಲು ಸಿಗುತ್ತದೆ. ತಡವಾಗಿ ನಾಟಕ ನೋಡಿ ಬರುವವರಿಗೆ ಅದು ದೊಡ್ಡ ಧೈರ್ಯ. ಮೆಟ್ಟಿಲು ಹತ್ತಲಾರದವರು ಯಾವ ದಿನವಾದರೂ ಎಲಿಜಬೆತ್ ಲೈನ್ ಹುಡುಕಿಕೊಂಡು ಹೋಗಿ. ರಸ್ತೆಯಿಂದ ಪ್ಲಾಟ್‌ಫಾರ್ಮ್ ತನಕ ಒಂದು ಮೆಟ್ಟಿಲೂ ಹತ್ತಬೇಕಿಲ್ಲ. ಅಮ್ಮನಿಗೆ ಇಡೀ ಲಂಡನ್ನಿನಲ್ಲಿ ಮನಸಾರೆ ಇಷ್ಟವಾಗಿದ್ದು ಈ ಲೈನೇ.

ಈಗ ಮ್ಯೂಸಿಯಂ ವಿಷಯ. ಇಲ್ಲಿ ನನ್ನ ಪ್ರೀತಿಯ ದಿನ ಶುಕ್ರವಾರ. ಬ್ರಿಟಿಷ್ ಮ್ಯೂಸಿಯಂ ದಿನಾ ಸಂಜೆ ಐದಕ್ಕೆ ಮುಚ್ಚುತ್ತದೆ, ಶುಕ್ರವಾರ ಮಾತ್ರ ರಾತ್ರಿ ಎಂಟೂವರೆ ತನಕ ತೆರೆದಿರುತ್ತದೆ. ನ್ಯಾಷನಲ್ ಗ್ಯಾಲರಿ ಅದೇ ದಿನ ಒಂಬತ್ತರ ತನಕ, ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ ಹತ್ತರ ತನಕ. ಮೂರಕ್ಕೂ ಪ್ರವೇಶ ಪುಕ್ಕಟೆ. ಶನಿವಾರ ಮಧ್ಯಾಹ್ನ ಈಜಿಪ್ಟಿನ ಪ್ರಾಚೀನ ಶಾಸನವಾದ ರೊಸೆಟಾ ಕಲ್ಲಿನ ಮುಂದೆ ನಿಂತರೆ ಕಾಣುವುದು ಬರೀ ಮೇಲೆತ್ತಿದ ಫೋನುಗಳು. ಶುಕ್ರವಾರ ಸಂಜೆ ಆರೂವರೆಗೆ ಹೋದಾಗ ಗಾಜಿನ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕುವಷ್ಟು ಜಾಗವಿತ್ತು. ಮೂರು ಲಿಪಿಗಳು ಮೇಲೆ, ನಡುವೆ, ಕೆಳಗೆ ಹೇಗೆ ಸಾಲಾಗಿ ಇಳಿದಿವೆ ಅಂತ ಬಗ್ಗಿ ನೋಡಲು ಆಯಿತು. ಕೆಳಗಿನ ಗ್ರೀಕ್ ಅಕ್ಷರಗಳು ಎಷ್ಟು ಚಿಕ್ಕವು, ಎಷ್ಟು ಒತ್ತೊತ್ತಾಗಿವೆ ಅನ್ನುವುದು ಫೋಟೋದಲ್ಲಿ ಗೊತ್ತಾಗುವುದೇ ಇಲ್ಲ. ಅಮರಾವತಿ ಸ್ತೂಪದ ಕಲ್ಲಿನ ಕೆತ್ತನೆಗಳಿಗೂ ಅಲ್ಲಿ ಪ್ರತ್ಯೇಕ ಕೋಣೆಯಿದೆ, ನಮ್ಮವರು ತಪ್ಪಿಸಿಕೊಳ್ಳಬಾರದು. ಶುಕ್ರವಾರ ಸಂಜೆ ಎಲ್ಲ ಕೋಣೆಗಳೂ ತೆರೆದಿರುತ್ತವೆ ಅಂತ ನಂಬಿಕೊಂಡು ಹೋಗಬೇಡಿ. ನಿಮಗೆ ಬೇಕಾದ ಕೋಣೆಯನ್ನು ಮೊದಲೇ ವಿಚಾರಿಸಿ.

ವಾರದ ದಿನಗಳಲ್ಲೂ ಒಂದು ಗದ್ದಲ ಇದೆ. ಬೆಳಿಗ್ಗೆ ಶಾಲಾ ಮಕ್ಕಳ ಗುಂಪುಗಳು ಬರುತ್ತವೆ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಇದು ಜೋರು. ಮಧ್ಯಾಹ್ನ ಎರಡೂವರೆ ದಾಟಿದ ಮೇಲೆ ಹೋದರೆ ಮಕ್ಕಳು ಬಸ್ ಹತ್ತಿರುತ್ತಾರೆ. ವಾಸ್ತುಶಿಲ್ಪಿ ಸರ್ ಜಾನ್ ಸೋನ್ ಅವರ ಮನೆಯ ಮ್ಯೂಸಿಯಂ ಸೋಮವಾರ, ಮಂಗಳವಾರ ತೆರೆಯುವುದಿಲ್ಲ.

ಚರ್ಚು ನೋಡುವ ಆಸೆ ಇದ್ದರೆ ಭಾನುವಾರ ಬಿಟ್ಟುಬಿಡಿ. ವೆಸ್ಟ್‌ಮಿನ್‌ಸ್ಟರ್ ಅಬೆ, ಸೇಂಟ್ ಪಾಲ್ಸ್ ಎರಡೂ ಅಂದು ಪ್ರಾರ್ಥನೆಗೆ ಮಾತ್ರ. ಪ್ರಾರ್ಥನೆಗೆ ಬರುವವರಿಗೆ ದುಡ್ಡಿಲ್ಲ, ಆದರೆ ಸುತ್ತಾಡಿ ನೋಡುವಂತಿಲ್ಲ. ಪಾರ್ಲಿಮೆಂಟ್ ತದ್ವಿರುದ್ಧ. ಅಧಿವೇಶನ ಇರುವಾಗ ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಪ್ರಧಾನಿಗೆ ಪ್ರಶ್ನೆ ಕೇಳುವ ಕಲಾಪ ನಡೆಯುತ್ತದೆ. ಒಳಗಿನ ಸಭಾಂಗಣಗಳಲ್ಲಿ ಓಡಾಡಿ ನೋಡಬೇಕಾದರೆ ಶನಿವಾರದ ಟೂರ್ ಹಿಡಿಯಬಹುದು.

ತಿಂಡಿ ತಿನಿಸಿನ ಸಂತೆಯಾದ ಬರೋ ಮಾರ್ಕೆಟ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಸೋಮವಾರ ಸಂತೆ ಇರುವುದಿಲ್ಲ. ಶನಿವಾರ ಕಾಲಿಡಲು ಜಾಗ ಇರುವುದಿಲ್ಲ. ಮಂಗಳವಾರವೋ ಬುಧವಾರವೋ, ಊಟದ ಹೊತ್ತಿಗೆ ಮುಂಚೆ, ಹನ್ನೊಂದರ ಸುಮಾರಿಗೆ ಹೋಗಿ. ನಾವು ಹಾಗೆ ಹೋದಾಗ ಚೀಸ್ ಮಾರುವವನೊಬ್ಬ ಅಮ್ಮನನ್ನು ಕರೆದು, ರಾಗಿಕಲ್ಲಿನಷ್ಟು ದೊಡ್ಡ ಚೀಸ್ ಗಾಲಿಯಿಂದ ತೆಳ್ಳಗೆ ಒಂದು ಚೂರು ಹೆರೆದು ಚಾಕುವಿನ ತುದಿಯಲ್ಲೇ ಚಾಚಿದ. ಇದಕ್ಕೆ ಹಾಲು ಒಡೆಯಲು ಏನು ಹಾಕಿದ್ದೀರಿ ಅಂತ ಅಮ್ಮ ನನ್ನ ಕೈಲಿ ಕೇಳಿಸಿದರು. ಕರುವಿನ ಹೊಟ್ಟೆಯ ರೆನೆಟ್ ಹಾಕಿದ ಚೀಸ್ ಅವರು ತಿನ್ನುವುದಿಲ್ಲ. ಅವನು ಬೇಸರಪಡದೆ ಆ ಚೂರನ್ನು ಪಕ್ಕಕ್ಕಿಟ್ಟು, ಸಸ್ಯದ ರೆನೆಟ್ ಹಾಕಿದ್ದು ಯಾವುದು ಅಂತ ಒಂದೊಂದಾಗಿ ತೋರಿಸಿ, ಎರಡು ಬಗೆಯ ರುಚಿ ನೋಡಿಸಿದ. ಹಿಂದೆ ಸಾಲು ಇಲ್ಲದ ಕಾರಣ ಇಷ್ಟು ಮಾತು ಸಾಧ್ಯವಾಯಿತು. ಶನಿವಾರದ ನೂಕುನುಗ್ಗಲಲ್ಲಿ ಅಂಗಡಿಯವರಿಗಾದರೂ ಎಲ್ಲಿ ಪುರುಸೊತ್ತು?

ಹೋಟೆಲ್ ರೂಮಿನ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಬ್ಯಾಂಕು, ಆಫೀಸುಗಳೇ ತುಂಬಿರುವ, 'ಸಿಟಿ' ಅಂತಲೇ ಕರೆಯುವ ಲಂಡನ್ನಿನ ಹಳೆಯ ನಡುಭಾಗ ಮತ್ತು ಕೆನರಿ ವಾರ್ಫ್ ಕಡೆಯ ಹೋಟೆಲುಗಳು ಆಫೀಸ್ ಕೆಲಸಕ್ಕೆ ಬರುವವರನ್ನು ನಂಬಿಕೊಂಡಿವೆ. ಹಾಗಾಗಿ ಶುಕ್ರವಾರದಿಂದ ಭಾನುವಾರದ ರಾತ್ರಿ ತನಕ ಅಲ್ಲಿ ಬೆಲೆ ಇಳಿಯುವುದು ಸಾಮಾನ್ಯ. ಪ್ರವಾಸಿಗಳು ತುಂಬಿರುವ ಕಡೆ ಶನಿವಾರವೇ ದುಬಾರಿ. ನಾವು ಸಿಟಿಯಲ್ಲಿ ಉಳಿದಿದ್ದ ಹೋಟೆಲಿನಲ್ಲಿ ರೂಮು ಅಗ್ಗವಾಗಿತ್ತು, ಆದರೆ ಭಾನುವಾರ ಅವರ ತಿಂಡಿ ಮನೆ ಬಾಗಿಲೇ ತೆರೆಯಲಿಲ್ಲ. ಬುಕ್ ಮಾಡುವಾಗ ಎಲ್ಲೂ ಹಾಗೆ ಹೇಳಿರಲಿಲ್ಲ. ಹೊರಗೆ ಬಂದರೆ ಸುತ್ತಮುತ್ತ ಕಾಫಿ ಅಂಗಡಿಗಳೂ ಮುಚ್ಚಿದ್ದವು. ಅಲ್ಲಿ ಉಳಿಯುವವರು ಶನಿವಾರವೇ ಹಣ್ಣು, ಬ್ರೆಡ್ ತಂದಿಟ್ಟುಕೊಳ್ಳಿ.

ಹೀಗಿದ್ದೂ ಒಂದು ಭಾನುವಾರ ಉಳಿಸಿಕೊಳ್ಳಿ ಅಂತ ಹೇಳಲು ಕಾರಣ ಅದೇ ಸಿಟಿ. 2021ರ ಜನಗಣತಿಯ ಪ್ರಕಾರ ಆ ಒಂದು ಚದರ ಮೈಲಿಯಲ್ಲಿ ವಾಸ ಇರುವವರು ಸುಮಾರು 8,600 ಜನ ಮಾತ್ರ. ಕೆಲಸಕ್ಕೆ ಬರುವವರು ಲಕ್ಷಗಟ್ಟಲೆ. ಭಾನುವಾರ ಅವರು ಯಾರೂ ಇರುವುದಿಲ್ಲ. "ಇವತ್ತು ಇವರಿಗೆಲ್ಲ ರಜಾನಾ?" ಅಂತ ಅಮ್ಮ ಕೇಳುತ್ತಲೇ ರಸ್ತೆಯ ನಡುವೆ ಆರಾಮಾಗಿ ನಡೆದರು. ವಾಸ್ತುಶಿಲ್ಪಿ ಹೊರೇಸ್ ಜೋನ್ಸ್ 1881ರಲ್ಲಿ ಕಟ್ಟಿಸಿದ ಲೆಡನ್‌ಹಾಲ್ ಮಾರ್ಕೆಟ್‌ನ ಕಬ್ಬಿಣದ ಚಾವಣಿಯನ್ನು ಯಾರಿಗೂ ಡಿಕ್ಕಿ ಹೊಡೆಯದೆ ಕತ್ತೆತ್ತಿ ನೋಡಲು ಅದೇ ಸರಿಯಾದ ದಿನ. ಅಂಗಡಿ ಬೇಕಿದ್ದರೆ ವಾರದ ದಿನ ಬನ್ನಿ, ಕಟ್ಟಡ ಬೇಕಿದ್ದರೆ ಭಾನುವಾರ ಬನ್ನಿ.

ಕೊಲಂಬಿಯಾ ರೋಡಿನ ಹೂವಿನ ಸಂತೆ ಇರುವುದೂ ಭಾನುವಾರ ಮಾತ್ರ. ಬೆಳಿಗ್ಗೆ ಎಂಟಕ್ಕೇ ಹೋಗಿ, ಹತ್ತರ ಮೇಲೆ ಆ ಕಿರಿದಾದ ರಸ್ತೆಯಲ್ಲಿ ಹೆಜ್ಜೆ ಎತ್ತಿಡುವುದು ಕಷ್ಟ. ಅಲ್ಲಿಂದ ನೇರ ಥೇಮ್ಸ್ ದಂಡೆಗೆ ಬಂದು, ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ, ನೀರಿನ ಪಕ್ಕದಲ್ಲೇ ಲ್ಯಾಂಬೆತ್ ಸೇತುವೆಯ ಕಡೆ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ಸಿಗುತ್ತದೆ. 2015ರ ನವೆಂಬರ್‌ನಲ್ಲಿ ಅನಾವರಣಗೊಂಡದ್ದು. ಅದಕ್ಕೆ ಟಿಕೆಟ್ಟಿಲ್ಲ, ಬಾಗಿಲಿಲ್ಲ. ಅಮ್ಮ ಚಪ್ಪಲಿ ಬಿಟ್ಟು ಕೈ ಮುಗಿದು, ಪಕ್ಕದ ಬೆಂಚಿನ ಮೇಲೆ ತುಂಬಾ ಹೊತ್ತು ಕೂತರು. ಶಾಪಿಂಗ್ ಮಾತ್ರ ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ. 1994ರ ಕಾಯ್ದೆಯಂತೆ ದೊಡ್ಡ ಅಂಗಡಿಗಳು ಅಂದು ಬೆಳಿಗ್ಗೆ ಹತ್ತರಿಂದ ಸಂಜೆ ಆರರೊಳಗೆ ಒಟ್ಟು ಆರು ಗಂಟೆ ಮಾತ್ರ ವ್ಯಾಪಾರ ಮಾಡಬಹುದು.

ವಿಮಾನದ ಟಿಕೆಟ್ ತೆಗೆಯುವ ಮೊದಲು ಅಲ್ಲಿನ ಬ್ಯಾಂಕ್ ಹಾಲಿಡೇ, ಅಂದರೆ ಸಾರ್ವಜನಿಕ ರಜೆಗಳ ಪಟ್ಟಿಯನ್ನೂ ನೋಡಿ. ಮೇ ತಿಂಗಳ ಮೊದಲ ಮತ್ತು ಕೊನೆಯ ಸೋಮವಾರ, ಆಗಸ್ಟ್ ಕೊನೆಯ ಸೋಮವಾರ ರಜೆ. ಅಂದು ರೈಲಿನ ದರ ದಿನವಿಡೀ ಆಫ್‌ಪೀಕ್, ಜನ ಮಾತ್ರ ಶನಿವಾರದಷ್ಟೇ. ಡಿಸೆಂಬರ್ 25ರಂದು ಟ್ಯೂಬೂ ಇಲ್ಲ, ಬಸ್ಸೂ ಇಲ್ಲ. ಆ ವಾರ ಹೋಗುವವರು ಎಲ್ಲದಕ್ಕೂ ನಡೆದೇ ಹೋಗಬಹುದಾದ ಜಾಗದಲ್ಲಿ ರೂಮ್ ಹಿಡಿಯಿರಿ.