ಒಂದು ಸುತ್ತಿನ ಜೋರೋ, ಉದ್ದನೆಯ ಓಟವೋ?

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಲ್ಲಿ ಬಿಡಿಭಾಗ ಮಾಡಿಸಿ ರೇಸ್ ಕಾರು ಸಿದ್ಧ ಮಾಡಬಹುದು. ಓಡಿಸಿ ನೋಡಲು ಮಾತ್ರ ಚೆನ್ನೈ, ಕೊಯಮತ್ತೂರಿನಂಥ ದೂರದ ಟ್ರ್ಯಾಕೇ ಗತಿ. ಅಲ್ಲಿ ಸಿಗುವ ಅಭ್ಯಾಸದ ಹೊತ್ತೂ ಕಡಿಮೆ. ಅದನ್ನು ಯಾವುದಕ್ಕೆ ಬಳಸುತ್ತೀರಿ?

ಹೊಸ ಟೈರ್, ಕಡಿಮೆ ಪೆಟ್ರೋಲ್, ಒಂದೇ ಸುತ್ತು ಜೋರಾಗಿ. ಇದರಿಂದ ಓಟ ಶುರುವಾಗುವಾಗ ಮುಂದಿನ ಜಾಗ ಸಿಗಬಹುದು. ಚಿಕ್ಕ ರೇಸಿಗೆ ಅದೇ ದೊಡ್ಡ ಲಾಭ.

ಆರು ಗಂಟೆಯ ರೇಸಿಗೆ ಹಾಗಲ್ಲ. ಟ್ಯಾಂಕ್ ತುಂಬಿಸಿ, ಅದೇ ಟೈರಿನಲ್ಲಿ ಒಂದು ಪೂರ್ತಿ ಸರದಿ, ಅಂದರೆ ಪೆಟ್ರೋಲಿಗೆ ಮತ್ತೆ ನಿಲ್ಲಿಸುವವರೆಗೆ, ಓಡಿಸಿ. ಟೈರ್ ಸವೆದಂತೆ ಸುತ್ತಿನ ಸಮಯ ಎಷ್ಟು ಹೆಚ್ಚುತ್ತದೆ, ಸುತ್ತಿಗೆ ಪೆಟ್ರೋಲ್ ಎಷ್ಟು, ಬ್ರೇಕ್ ಪ್ಯಾಡ್ ಎಷ್ಟು ತಡೆಯುತ್ತದೆ, ಎಲ್ಲ ಆಗಲೇ ಗೊತ್ತಾಗುವುದು. ಪೆಟ್ರೋಲ್, ಟೈರಿಗಾಗಿ ಕಾರು ನಿಲ್ಲಿಸುವ ಪಿಟ್‌ಗೆ ಯಾವಾಗ ಬರಬೇಕೆಂಬ ಲೆಕ್ಕ ನಿಂತಿರುವುದೇ ಇದರ ಮೇಲೆ. ಜೊತೆಗೆ, ಇಂಥ ರೇಸಿನಲ್ಲಿ ಕಾರು ಓಡಿಸುವವರು ಒಬ್ಬರೇ ಅಲ್ಲ ಅಲ್ವಾ? ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಯ ರೇಸಿನಲ್ಲಿ ಒಬ್ಬ ಚಾಲಕ ಒಟ್ಟು 14 ಗಂಟೆ ಮೀರುವಂತಿಲ್ಲ. ಸಾಮಾನ್ಯವಾಗಿ ಮೂವರು ಹಂಚಿಕೊಳ್ಳುತ್ತಾರೆ. ಒಬ್ಬನಿಗೆ ಮಾತ್ರ ಹಿಡಿಸುವಂತೆ ಕಾರನ್ನು ಹೊಂದಿಸಿದ ಸೆಟಪ್ ಸುಮ್ನೆ ತಲೆನೋವು. ಚಾಲಕರನ್ನು ಬದಲಿಸುವುದನ್ನು ಊರಿನ ಶೆಡ್ಡಿನಲ್ಲೇ ರೂಢಿ ಮಾಡಿಕೊಳ್ಳಿ, ಅದಕ್ಕೆ ದುಡ್ಡೂ ಬೇಡ.

ಟೈರಿನ ದುಡ್ಡು ಒಂದಕ್ಕೇ ಸಾಲುವುದಾದರೆ ಉದ್ದನೆಯ ಓಟವನ್ನೇ ಆರಿಸಿ. ರೇಸ್ ರಾತ್ರಿಗೂ ಮುಂದುವರಿಯುವುದಾದರೆ, ಅದರಲ್ಲಿ ಸ್ವಲ್ಪ ಹೊತ್ತು ಕತ್ತಲಿಗೆ ಇಡಿ.